ಒಂದು ರಾತ್ರಿಯ ಕೈಗಡ

ಸೋಮವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ ಬೀಗ ರಿಪೇರಿಯವನು ಠಾಣೆಗೆ ಓಡಿ ಬಂದಾಗ ಅವನ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು. ಇನ್ನೊಂದು ಕಾಲು ಊರಿದಲ್ಲೆಲ್ಲ ನೆಲದ ಮೇಲೆ ಕೆಂಪಗೆ ಅರ್ಧ ಪಾದ ಮೂಡುತ್ತಿತ್ತು.

"ಕಾಲಿಗೆ ಏನಾಯ್ತು?" ಇನ್ಸ್‌ಪೆಕ್ಟರ್ ಕುರ್ಚಿಯಿಂದ ಎದ್ದಳು.

"ರಕ್ತ ನಂದಲ್ಲ ಮೇಡಂ. ಪಕ್ಕದ ಅಂಗಡೀದು."

ಪಕ್ಕದ್ದು ಬಂದೂಕಿನ ಅಂಗಡಿ. ಗೋಡೆಗೆ ಸರ್ಕಾರದ ಪರವಾನಗಿ ತೂಗುಹಾಕಿ, ಹೊಸದು ಹಳೆಯದು ಎರಡನ್ನೂ ಮಾರುವ ಜಾಗ. ಎರಡು ಸಲ ಗುಂಡಿನ ಸದ್ದು ಕೇಳಿ ಇವನು ಒಳಗೆ ಹೋಗಿದ್ದ. ಕಂಡದ್ದನ್ನು ಪೂರ್ತಿ ಕಾಣುವ ಮೊದಲೇ ಹೊರಗೆ ಬಿದ್ದಿದ್ದ. ಅವನ ಹೇಳಿಕೆಯ ಮೇಲೆ ಎಫ್‌ಐಆರ್ ದಾಖಲಾಯಿತು. ಅವಸರದ ಸಹಿಯ ಕೊನೆಯ ಅಕ್ಷರ ಕಾಗದ ದಾಟಿ ಮೇಜಿನ ಮೇಲೆ ಬಿತ್ತು.

ಹೆಡ್ ಕಾನ್‌ಸ್ಟೆಬಲ್ ಜೀಪು ಹತ್ತಿದ. ಹುಟ್ಟಿನಿಂದ ಸಾವಿನವರೆಗೆ ಎಲ್ಲಕ್ಕೂ ಒಂದೊಂದು ಗಾದೆ ಇಟ್ಟುಕೊಂಡಿದ್ದ ಅವನನ್ನು ಠಾಣೆಯಲ್ಲಿ ಗಾದೆಪ್ಪ ಎಂದೇ ಕರೆಯುತ್ತಿದ್ದರು.

ಅಂಗಡಿಯ ಮುಂಭಾಗ ಗಡಿಯಾರದಂಗಡಿಯಷ್ಟು ಅಚ್ಚುಕಟ್ಟಾಗಿತ್ತು. ಗಾಜು ಒಡೆದಿರಲಿಲ್ಲ. ಹೊಸ ಬಂದೂಕುಗಳು ತಮಗೇನೂ ಗೊತ್ತಿಲ್ಲವೆಂಬಂತೆ ಗೋಡೆಗೊರಗಿ ನಿಂತಿದ್ದವು. ಹಿಂದಿನ ಕೋಣೆಯಲ್ಲಿ ಮಾತ್ರ ಕತೆ ಬೇರೆ. ಊರಿನ ಜಲ್ಲಿ ಕಂಟ್ರಾಕ್ಟರ್ ಒಬ್ಬ ಕುರ್ಚಿ ಸಮೇತ ಹಿಂದಕ್ಕೆ ಬಿದ್ದಿದ್ದ. ಗುಂಡು ಬಾಯಿಯೊಳಗೆ ಹೊಕ್ಕು ತಲೆಯ ಹಿಂಭಾಗವನ್ನು ಹೊತ್ತುಕೊಂಡೇ ಹೊರಗೆ ಹೋಗಿತ್ತು. ಗೋಡೆಯ ಸುಣ್ಣಕ್ಕೆ ಕೂದಲು ಅಂಟಿದ ಮೂಳೆಚೂರು ಕಚ್ಚಿಕೊಂಡಿತ್ತು. ಮುಂದಿನ ಎರಡು ಹಲ್ಲುಗಳು ಮೇಜಿನ ಮೇಲಿದ್ದ ಅವನದೇ ಚಹಾದ ಲೋಟದಲ್ಲಿದ್ದವು.

ಇನ್ಸ್‌ಪೆಕ್ಟರ್ ಮೊಣಕಾಲೂರಿ ನೋಡಿದಳು. ತುಟಿ ಸೀಳಿತ್ತು. "ದೂರದಿಂದ ಹೊಡೆದದ್ದಲ್ಲ. ಗನ್ನಿನ ನಳಿಗೆ ಬಾಯಿಗೆ ತುರುಕಿ, ಹಲ್ಲು ಮುರಿದು, ಆಮೇಲೆ ಕುದುರೆ ಎಳೆದಿದಾನೆ."

"ಕಳ್ಳನಿಗೆ ಇಷ್ಟು ಪುರುಸೊತ್ತಾ?" ಗಾದೆಪ್ಪ ಕೇಳಿದ.

ಅಂಗಡಿ ಮಾಲೀಕನ ಭುಜಕ್ಕೆ ಗುಂಡು ತಗುಲಿತ್ತು. ಅವನನ್ನು ಆಂಬುಲೆನ್ಸಿಗೆ ಏರಿಸುವಾಗ ಮುಸುಕಿನ ದರೋಡೆಕೋರ ಎಂದಷ್ಟೇ ನರಳಿದ್ದ. ಪಂಚನಾಮೆ ನಡೆಯಿತು. ಗಲ್ಲಾಪೆಟ್ಟಿಗೆ ಮುಟ್ಟಿರಲಿಲ್ಲ. ಗುಂಡುಗಳ ಕಪಾಟಿನ ಬೀಗ ಹಾಗೇ ಇತ್ತು. ಕಾಣೆಯಾದದ್ದು ಒಂದೇ: ಯಾರೋ ಮಾರಲು ತಂದಿಟ್ಟಿದ್ದ ಹಳೆಯ ರಿವಾಲ್ವರ್. ಅದನ್ನು ಸುತ್ತಿಟ್ಟಿದ್ದ ಬಟ್ಟೆ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು.

"ಹಾಲು ಬಿಟ್ಟು ಮಜ್ಜಿಗೆ ನೆಕ್ಕಿದ ಬೆಕ್ಕು," ಎಂದ ಗಾದೆಪ್ಪ.

"ಗನ್ ಅಂಗಡೀದು, ಗುಂಡು ಮಾತ್ರ ಬಂದವನ ಜೇಬಿಂದು. ಆರು ತುಂಬೋ ಗನ್ನು, ಎರಡು ಹಾರಿದೆ. ಉಳಿದ ನಾಲ್ಕು ಯಾರಿಗೆ?" ಇನ್ಸ್‌ಪೆಕ್ಟರ್ ಕೇಳಿದಳು.

ಅಜ್ಜಿ ಕತೆಯ ರಾಕ್ಷಸನ ಪ್ರಾಣ ಎಲ್ಲೋ ದೂರದ ಗಿಳಿಯೊಳಗೆ ಇರುತ್ತಿತ್ತು. ಈ ಕೇಸಿನ ಪ್ರಾಣ ಆ ನಾಲ್ಕು ಗುಂಡಿನೊಳಗಿದೆ ಎಂದು ಅವಳಿಗೆ ಅನ್ನಿಸಿತು. ಗಿಳಿ ಊರೊಳಗೇ ಹಾರಾಡುತ್ತಿತ್ತು.

ಆಸ್ಪತ್ರೆಯಲ್ಲಿ ಮಾಲೀಕನಿಗೆ ಹೊಲಿಗೆ ಹಾಕಿ ಮಲಗಿಸಿದ್ದರು.

"ಮುಖ ನೋಡಿದ್ರಾ?"

"ಮುಸುಕಿತ್ತು."

"ಧ್ವನಿ?"

"ಮಾತೇ ಆಡ್ಲಿಲ್ಲ."

"ಮಾತಾಡದೆ ಬಂದ, ಮಾತಾಡದೆ ಹೋದ. ದೆವ್ವ ಅಂತ ಬರ್ಕೊಳ್ಲಾ?"

ಅವನು ಕಣ್ಣು ಮುಚ್ಚಿದ.

"ರಿವಾಲ್ವರ್ ಯಾರದ್ದು?"

"ಬ್ಯಾಂಕಲ್ಲಿ ಗಾರ್ಡ್ ಆಗಿದ್ದ ಒಬ್ಬ ಮುದುಕಂದು. ನಿವೃತ್ತಿ ಆಯ್ತು, ಮಾರ್ಕೊಡಿ ಅಂದ. ಕಂಟ್ರಾಕ್ಟರ್ ಕೊಳ್ಳೋಕೆ ಒಪ್ಪಿದ್ದ."

"ಅವರಿಬ್ಬರಿಗೂ ಪರಿಚಯ ಇತ್ತಾ?"

"ಆಗೋಕೆ ನಾನು ಬಿಡ್ತೀನಾ ಮೇಡಂ? ಮಾರೋನ ಮುಖ ಕೊಳ್ಳೋನಿಗೆ ತೋರ್ಸಲ್ಲ, ಕೊಳ್ಳೋನ ಹೆಸರು ಮಾರೋನಿಗೆ ಹೇಳಲ್ಲ. ಹೇಳಿದ್ರೆ ಇಬ್ರೂ ಬೀದಿ ಮೂಲೇಲಿ ಕುದುರಿಸ್ಕೊಂಡು ನನಗೆ ಚಿಪ್ಪು ಕೊಡ್ತಾರೆ. ಕಡೇ ದಿನ ಸಹಿಗೇ ಎದುರಾಗೋದು."

"ಕಡೇ ದಿನ ಇವತ್ತಾ?"

ಮಾಲೀಕ ಮುಖವನ್ನು ಗೋಡೆಯ ಕಡೆ ತಿರುಗಿಸಿದ. "ನೋವಾಗ್ತಿದೆ."

ಬಾಗಿಲಿಗೆ ಒಬ್ಬ ಕಾನ್‌ಸ್ಟೆಬಲ್ಲನ್ನು ನಿಲ್ಲಿಸಿ, ಗಾರ್ಡಿನ ಮನೆಗೆ ಗಾದೆಪ್ಪನನ್ನು ಕಳಿಸಿ, ಸತ್ತವನ ಮನೆಗೆ ಇನ್ಸ್‌ಪೆಕ್ಟರ್ ತಾನೇ ಹೋದಳು.

ಕಿಟಕಿಯ ಸರಳುಗಳ ಮೇಲೆ ಜಲ್ಲಿಯ ಬೂದುಧೂಳು ಕೂತ ಮನೆ. ಮಲಗುವ ಕೋಣೆಗೆ ಚಿಲಕ ಹೊರಗಡೆಯಿಂದ ಇತ್ತು. ಕಂಟ್ರಾಕ್ಟರನ ಹೆಂಡತಿ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಸುದ್ದಿ ಕೇಳಿದಳು. ಅಳಲಿಲ್ಲ. ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿದಳು.

"ಎಲ್ಲಿಗೆ ಬಿತ್ತು ಗುಂಡು?"

"ಬಾಯಿಗೆ."

ಅವಳ ಕೈ ತನ್ನ ಬಾಯಿಗೇ ಹೋಯಿತು. ಅಷ್ಟರಲ್ಲಿ ಇನ್ಸ್‌ಪೆಕ್ಟರ್ ನೋಡಿಯಾಗಿತ್ತು: ಮುಂದಿನ ಹಲ್ಲು ಅರ್ಧವೇ ಉಳಿದಿತ್ತು.

"ಆ ಹಲ್ಲು?"

"ಬಚ್ಚಲಲ್ಲಿ ಜಾರಿಬಿದ್ದೆ."

"ಬಚ್ಚಲಲ್ಲಿ ಬಿದ್ರೆ ತುಟಿ ಹೊರಗೆ ಒಡೆಯುತ್ತಮ್ಮ. ನಿಂಗೆ ಒಳಗೆ ಸೀಳಿದೆ. ಇನ್ನು ಹೊಡೆಯೋಕೆ ಅವನು ಬರಲ್ಲ. ಹೇಳು."

ಅವಳು ಮಗುವಿನ ಕಿವಿಯನ್ನು ಎದೆಗೆ ಒತ್ತಿಕೊಂಡಳು, ಕೇಳಿಸದಿರಲಿ ಎಂಬಂತೆ. "ಗುರುವಾರ ರಾತ್ರಿ ಅದನ್ನ ಮನೆಗೆ ತಂದ್ರು. ಇನ್ನೂ ಕಾಗದ ಆಗಿರ್ಲಿಲ್ಲ. ಕೈಗೆ ಒಗ್ಗುತ್ತಾ ನೋಡಿ ಅಂತ ಅಂಗಡಿಯವರೇ ಒಂದು ರಾತ್ರಿಗೆ ಕೊಟ್ಟಿದ್ರಂತೆ. ಬಾಯಿ ತೆಗಿ ಅಂದ್ರು. ತೆಗೀಲಿಲ್ಲ. ತುರುಕಿದ್ರು. ಇವತ್ತು ಖಾಲಿ, ಸೋಮವಾರ ಕಾಗದ ಆದ್ಮೇಲೆ ತುಂಬಿಸ್ಕೊಂಡು ಬರ್ತೀನಿ ಅಂದ್ರು. ಅದರ ಹಿಡಿಗೆ ತಾಮ್ರದ ತಂತಿ ಸುತ್ತಿತ್ತು ಮೇಡಂ. ಆ ತಂತಿ ಸುತ್ತೋವಾಗ ನಾನು ಚಿಕ್ಕೋಳು, ಪಕ್ಕದಲ್ಲೇ ಕೂತಿದ್ದೆ."

"ಯಾರು ಸುತ್ತಿದ್ದು?"

"ನಮ್ಮಪ್ಪ."

"ನಿಮ್ಮಪ್ಪ ಏನು ಕೆಲಸ ಮಾಡ್ತಿದ್ರು?"

"ಬ್ಯಾಂಕಲ್ಲಿ ಗಾರ್ಡ್. ಬೆಳಗಾಗುತ್ಲೂ ಫೋನ್ ಮಾಡಿ ಅವರಿಗೆ ಹೇಳಿಬಿಟ್ಟೆ. ಹೇಳಬಾರದಿತ್ತು."

ಮಾವ ಮಾರಿದ್ದ, ಅಳಿಯ ಕೊಂಡಿದ್ದ. ನಡುವೆ ಕೂತವನು ಇಬ್ಬರ ಕಣ್ಣಿಗೂ ಬಟ್ಟೆ ಕಟ್ಟಿದ್ದ.

ಇನ್ಸ್‌ಪೆಕ್ಟರಳ ಫೋನ್ ಹೊಡೆದುಕೊಂಡಿತು. ಗಾದೆಪ್ಪ. "ಮನೆಗೆ ಬೀಗ ಮೇಡಂ. ಹಿತ್ತಲಲ್ಲಿ ನೆನೆಹಾಕಿದ ಅಂಗಿ ಇದೆ, ನೀರು ಕೆಂಪಾಗಿದೆ. ಪಕ್ಕದ ಮನೆಯವರು ನೋಡಿದಾರೆ, ಹಳೇ ಯೂನಿಫಾರ್ಮಿಗೆ ಇಸ್ತ್ರಿ ಹಾಕಿ ತೊಟ್ಕೊಂಡು ಹೋದ್ರಂತೆ. ಎಲ್ಲಿಗೆ ಅಂದ್ರೆ ಆಸ್ಪತ್ರೆಗೆ ಅಂದ್ರಂತೆ."

"ನೀನೂ ಅಲ್ಲಿಗೇ ಬಾ. ಬೇಗ."

ಕಂಟ್ರಾಕ್ಟರನ ಹೆಂಡತಿ ಜೀಪಿನ ಬಾಗಿಲು ಹಿಡಿದು ನಿಂತಳು. "ಅಪ್ಪನ್ನ ಹೊಡೀಬೇಡಿ. ಜೈಲಿಗಾದ್ರೂ ಹಾಕಿ, ಜೀವಂತ ಹಾಕಿ. ನಮಗಿನ್ನು ಅವರೊಬ್ರೇ."

ವಾರ್ಡಿನ ಬಾಗಿಲಲ್ಲಿ ಕಾನ್‌ಸ್ಟೆಬಲ್ ಇರಲಿಲ್ಲ. ಖಾಕಿ ತೊಟ್ಟ ಹಿರಿಯರೊಬ್ಬರು ನೆಟ್ಟಗೆ ಬಂದು ನಿಂತದ್ದನ್ನು ಕಂಡು, ಆಸ್ಪತ್ರೆಯ ಕಾವಲಿನವರೇ ಇರಬೇಕೆಂದು ನಂಬಿ, "ಸ್ವಲ್ಪ ನೋಡ್ಕೊಳ್ಳಿ ಯಜಮಾನ್ರೇ, ಮೂತ್ರಕ್ಕೆ ಹೋಗಿ ಬಂದೆ" ಎಂದು ಅವರಿಗೇ ಕಾವಲು ಒಪ್ಪಿಸಿ ಹೋಗಿದ್ದ. ಕುರಿ ಕಾಯಲು ತೋಳನನ್ನು ನೇಮಿಸಿದ ಹಾಗಾಗಿತ್ತು.

ಒಳಗೆ ಮಾಲೀಕ ಅರ್ಧ ಮಂಚದಿಂದ ಜಾರಿದ್ದ. ಹೊಲಿಗೆ ಬಿಚ್ಚಿ ಹಾಸಿಗೆ ಒದ್ದೆಯಾಗಿತ್ತು. ರಿವಾಲ್ವರಿನ ನಳಿಗೆ ಅವನ ಬಾಯಿಯೊಳಗಿತ್ತು. ಗಲ್ಲದ ಮೇಲೆ ಎಂಜಲು ಮತ್ತು ರಕ್ತ ಒಂದಾಗಿ ಇಳಿಯುತ್ತಿದ್ದವು. ಅವನ ಎದೆಯ ಮೇಲೆ ಒಂದು ಮೊಣಕಾಲೂರಿದ್ದ ಮುದುಕನ ಅಂಗಿಯ ಗುಂಡಿಗಳು ಹೊಳೆಯುತ್ತಿದ್ದವು.

ಇನ್ಸ್‌ಪೆಕ್ಟರ್ ಪಿಸ್ತೂಲು ಎತ್ತಿದಳು. "ಯಜಮಾನ್ರೇ, ಕೈ ಕೆಳಗೆ."

"'ನಿಮ್ಮ ಹೆಸರು ಹೇಳಿಲ್ಲ, ಮುಸುಕು ಅಂತ ಹೇಳಿದೀನಿ' ಅಂತಾನೆ ಇವನು. ನನಗೆ ಉಪಕಾರ ಮಾಡಿದಾನಂತೆ." ಮುದುಕನ ಧ್ವನಿಯಲ್ಲಿ ಏರಿಳಿತವಿರಲಿಲ್ಲ. "ಶುಕ್ರವಾರ ಇವನ ಕಾಲು ಹಿಡಿದೆ. ಅಳಿಯ ನನ್ನ ಮಗಳ ಬಾಯಿಗೆ ಇಟ್ಟಿದಾನಯ್ಯ, ಮಾರಲ್ಲ, ವಾಪಸ್ ಕೊಡು ಅಂದೆ. ಮಾತಾಗಿದೆ, ಸೋಮವಾರ ಸಹಿಗೆ ಬನ್ನಿ ಅಂದ. ಬಂದೆ. ಕಡೇ ಸಲ ಒಮ್ಮೆ ಹಿಡೀತೀನಿ ಅಂದೆ, ಕೊಟ್ಟ. ಗುಂಡು ನನ್ನ ಹತ್ರ ಇತ್ತು. ಅಳಿಯಂದ್ರಿಗೆ ಬಾಯಿ ತೆಗೀರಿ ಅಂದೆ. ತೆಗೀಲಿಲ್ಲ."

"ಇವನಿಗೆ?"

"ತೋಳು ಹಿಡ್ಕೊಂಡ. ಬಿಡಿಸ್ಕೊಂಡೆ."

"ಠಾಣೆಗೆ ಬರಬೇಕಿತ್ತು ನೀವು."

"ಬಂದಿದ್ದೆ. ಶನಿವಾರ." ಮುದುಕ ಅವಳ ಭುಜದಾಚೆ ನೋಡಿದ. ಗಾದೆಪ್ಪ ಏದುಸಿರು ಬಿಡುತ್ತ ಆಗಷ್ಟೇ ಬಾಗಿಲಿಗೆ ಬಂದಿದ್ದ. "ಇವರೇ ಇದ್ರು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಮನೆಗೆ ಹೋಗಿ ಅಂದ್ರು."

ಗಾದೆಪ್ಪ ತಲೆಯ ಮೇಲಿನ ಟೋಪಿ ತೆಗೆದ. ಇನ್ಸ್‌ಪೆಕ್ಟರ್ ಅವನ ಕಡೆ ತಿರುಗಲೂ ಇಲ್ಲ. ತಿರುಗಿದ್ದರೆ ಪಿಸ್ತೂಲು ಯಾರ ಕಡೆ ಹೋಗುತ್ತಿತ್ತೋ ಅವಳಿಗೇ ಭಯವಾಗಿತ್ತು.

"ನಿಮ್ಮ ಮಗಳ ಹಲ್ಲು ನೋಡಿ ಬಂದೆ," ಎಂದಳು. "ನೀವು ಕುದುರೆ ಎಳೆದ್ರೆ ನಾನೂ ಎಳೀಬೇಕಾಗುತ್ತೆ. ಆಮೇಲೆ ಅದು ಯಾಕಾಯ್ತು ಅಂತ ಹೇಳೋಕೆ ಯಾರಿರ್ತಾರೆ? ತಂದೋನು ಸತ್ತ. ಕೊಟ್ಟೋನೂ ಸತ್ತ. ನೀವೂ ಇಲ್ಲ. ಕೋರ್ಟಲ್ಲಿ ನಿಮ್ಮ ಮಗಳು ಬಚ್ಚಲಲ್ಲಿ ಜಾರಿಬಿದ್ದೋಳಾಗಿಬಿಡ್ತಾಳೆ."

ಮುದುಕನ ಬೆರಳು ಅಲುಗಲಿಲ್ಲ.

"ಅವನು ಬದುಕಿದ್ರೆ ನಾನು ಹೇಳಿಸ್ತೀನಿ," ಎಂದಳು ಇನ್ಸ್‌ಪೆಕ್ಟರ್.

ಮಾಲೀಕ ನಳಿಗೆ ಕಚ್ಚಿಕೊಂಡೇ ತಲೆಯಾಡಿಸಿದ. ಮುದುಕ ಅದನ್ನು ಒಂದಿಷ್ಟು ಹಿಂದಕ್ಕೆಳೆದ.

"ಕೊಟ್ಟೆ," ಮಾಲೀಕ ತೊದಲಿದ. "ಗುರುವಾರ. ಕಾಗದ ಇಲ್ದೇನೇ ಕೊಟ್ಟೆ. ಲೈಸೆನ್ಸ್ ಹೋಗುತ್ತೆ ಅಂತ ಮುಸುಕಿನ ಕತೆ ಕಟ್ಟಿದೆ. ಚಪ್ಪಲೀನೂ ಹಾಕಿ ನೋಡದೆ ತಗೊಳ್ಳಲ್ಲ, ಇದನ್ನ ಹೇಗೆ ತಗೊಳ್ಳಲಿ ಅಂದ. ಕೊಟ್ಟೆ."

ಮುದುಕ ನಳಿಗೆಯನ್ನು ಒಮ್ಮೆಗೇ ಹೊರಕ್ಕೆ ಕಿತ್ತ. ಒಂದು ಹಲ್ಲು ಜೊತೆಗೇ ಬಂದು ನೆಲದ ಮೇಲೆ ಟಕ್ಕೆಂದಿತು. ಆಮೇಲೆ ಅವನು ಮೊಣಕಾಲು ತೆಗೆದು, ಅಂಗಿ ಸರಿಮಾಡಿಕೊಂಡು, ರಿವಾಲ್ವರಿನ ಹೊಟ್ಟೆ ತೆರೆದು ಗುಂಡುಗಳನ್ನು ಅಂಗೈಗೆ ಸುರಿದುಕೊಂಡ. ಹಿಡಿಯನ್ನು ಇನ್ಸ್‌ಪೆಕ್ಟರಳ ಕಡೆ ಮಾಡಿ ಚಾಚಿದ. ಮಧ್ಯಾಹ್ನ ಎರಡು ನಲವತ್ತಕ್ಕೆ ಬಂಧನ ದಾಖಲಾಯಿತು. ಕಾಗದವಿಲ್ಲದೆ ಆಯುಧ ಕೊಟ್ಟದ್ದಕ್ಕೆ ಮಾಲೀಕನ ಮೇಲೆ ಬೇರೆ ಕೇಸಾಯಿತು. ಶನಿವಾರದ ದೂರು ತೆಗೆದುಕೊಳ್ಳದ್ದಕ್ಕೆ ಗಾದೆಪ್ಪನ ಮೇಲೆ ಇನ್ಸ್‌ಪೆಕ್ಟರ್ ತನ್ನ ಕೈಯಾರೆ ವರದಿ ಬರೆದಳು. ಅವನು ಅದರ ಕೆಳಗೆ ಸಹಿ ಮಾಡಿ ಹೊರಗೆ ಹೋಗಿ ಕೂತ.

ಸಂಜೆ ಮುದುಕನ ಹೇಳಿಕೆ ಬರೆದುಕೊಳ್ಳುವಾಗ ಠಾಣೆಯ ರೈಟರ್, ಉದ್ದೇಶ ಎಂಬಲ್ಲಿ 'ಕೌಟುಂಬಿಕ ದ್ವೇಷ' ಎಂದು ತುಂಬಿಸಿಟ್ಟಿದ್ದ. ಇನ್ಸ್‌ಪೆಕ್ಟರ್ ಅದನ್ನು ನೋಡಿ ಒಂದೇ ಪ್ರಶ್ನೆ ಕೇಳಿದಳು.

"ಇಷ್ಟು ವರ್ಷ ಜೋಪಾನವಾಗಿ ಇಟ್ಕೊಂಡಿದ್ರಿ. ಮಾರಿದ್ದಾದ್ರೂ ಯಾಕೆ?"

ಮುದುಕ ಕೈಕೋಳದ ಕೊಂಡಿಯನ್ನು ತಿರುಗಿಸಿದ.

"ಮೊಮ್ಮಗಳು ಎದ್ದು ನಿಲ್ಲೋಕೆ ಕಲ್ತಿದ್ಲು. ನಮ್ಮನೆಗೆ ಬಂದಾಗೆಲ್ಲ ಅದನ್ನ ಇಟ್ಟಿದ್ದ ಬೀರು ಬಾಗಿಲನ್ನೇ ಹಿಡ್ಕೊಂಡು ನಿಲ್ತಿದ್ಲು. ಮಗು ಇರೋ ಮನೇಲಿ ಅಂಥದ್ದು ಇರಬಾರದು ಅಂತ ಮಾರಿದೆ."

ಇನ್ಸ್‌ಪೆಕ್ಟರ್ ರೈಟರನ ಕೈಯಿಂದ ಪೆನ್ನು ತೆಗೆದುಕೊಂಡು ಅಲ್ಲಿದ್ದ ಎರಡು ಪದ ಹೊಡೆದುಹಾಕಿದಳು. ಮುದುಕ ಹೇಳಿದ ಮಾತನ್ನು ಹೇಳಿದ ಹಾಗೆಯೇ ಬರೆದು, ಅವನಿಗೆ ಓದಿ ಹೇಳಿದಳು.

"ಸರಿಯಾಗಿದೆ," ಎಂದ ಅವನು.