ಅನು ಬರೆದ ಪಟ್ಟಿ

"ಇದನ್ನ ಬರ್ದೋರು ಯಾರೋ ಗೊತ್ತಿಲ್ಲ ಮೇಡಂ. ಸಿಕ್ಕಿದ್ರೆ ಒಂದೇ ಮಾತು ಕೇಳ್ತಿದ್ದೆ... ನಿಮ್ಮವ್ವಂಗೂ ಇದನ್ನೇ ಹಾಕ್ತೀರಾ ಅಂತ."

ಕೌಂಟರಿನ ಆಚೆ ನಿಂತಿದ್ದ ಯುವಕ ತನ್ನ ಮೊಬೈಲನ್ನು ರಾಧಾಮಣಿಯ ಮುಂದಿಟ್ಟ. ಪರದೆಯ ಮೇಲಿನ ತಲೆಬರಹ ಅವಳ ಕಣ್ಣಿಗೆ ಬಿತ್ತು.

'ಅಮ್ಮನ ಕಿವಿಗೆ ಯಾವ ಯಂತ್ರ? ನಾವೇ ಬಳಸಿ ನೋಡಿದ ಐದು.' ಕೆಳಗೆ ಹೆಸರು, 'ನಿಮ್ಮ ಗೆಳತಿ ಅನು'.

ಅನು ಬೇರೆ ಯಾರೂ ಅಲ್ಲ. ರಾಧಾಮಣಿಯೇ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಹತ್ತಿರ ಸೋದರಮಾವನ ಜೆರಾಕ್ಸ್ ಅಂಗಡಿ ನೋಡಿಕೊಳ್ಳುತ್ತಿದ್ದ ಅವಳು, ಬಿಡುವಿನಲ್ಲಿ ಒಂದು ವೆಬ್‌ಸೈಟಿಗೆ ಇಂಥ ಪಟ್ಟಿ ಬರೆಯುತ್ತಿದ್ದಳು. ಮಿಕ್ಸಿ, ಹಾಸಿಗೆ, ನೀರಿನ ಫಿಲ್ಟರ್... ಒಂದನ್ನೂ ಮುಟ್ಟಿ ನೋಡಿದವಳಲ್ಲ. ವೆಬ್‌ಸೈಟಿನವರು ಕಳಿಸಿದ ಹೆಸರುಗಳಿಗೆ ನಾಲ್ಕು ಆತ್ಮೀಯ ಮಾತು ಸೇರಿಸುವುದಷ್ಟೇ ಕೆಲಸ.

'ನಮ್ಮಮ್ಮ ಒಂದು ತಿಂಗಳಿಂದ ಹಾಕ್ಕೋತಿದ್ದಾರೆ' ಎಂದು ಬರೆದಿದ್ದಳು. ಅವಳ ಅಮ್ಮ ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

"ಏನಾಯ್ತು?" ತಲೆಯೆತ್ತದೆ ಕೇಳಿದಳು.

ಅವನ ಹೆಸರು ಮಹೇಂದ್ರ. ಕುದೂರು ಕಡೆಯವನು. ರೇಷ್ಮೆಹುಳು ಸಾಕುತ್ತಿದ್ದ.

"ಅವ್ವಂಗೆ ಕಿವಿ ಸರಿಯಾಗಿ ಕೇಳ್ಸಲ್ಲ. ಫೋನಲ್ಲಿ ನೋಡಿದ್ರೆ ನೂರಾರು ಮಿಷನ್ನು. ಒಬ್ಬೊಬ್ರು ಒಂದೊಂಥರ ಹೇಳ್ತಾರೆ. ಮೂರು ದಿನ ನೋಡಿ ತಲೆ ಕೆಟ್ಟೋಯ್ತು. ಆಮ್ಯಾಕೆ ಇದು ಸಿಕ್ತು. ಹೆಣ್ಮಗ್ಳು, ಅವರವ್ವಂಗೇ ಹಾಕಿ ನೋಡವ್ರೆ, ಸುಳ್ಳು ಹೇಳಕ್ಕಿಲ್ಲ ಅಂತ ಮೊದಲ್ನೇದೇ ತರಿಸ್ದೆ."

"ಕೆಲಸ ಮಾಡ್ತಿಲ್ವಾ?"

"ಕಿವಿಯೊಳಗೇ ಕಿರುಚ್ತದೆ. ಮದುವೆ ಮನೇಲಿ ಅಷ್ಟು ಜನದ ಮಧ್ಯೆ ಕಿತ್ತು ಬಿಸಾಕ್ಬುಟ್ಲು. ಎಲ್ಲಾ ನಕ್ಕುಬುಟ್ರು. ಅವತ್ತಿಂದ ಮನೆ ಬಿಟ್ಟು ಆಚೆ ಬತ್ತಿಲ್ಲ. ವಾಪಸ್ ಕಳ್ಸೋದು ಹೆಂಗೆ ಅಂತ ಗೊತ್ತಿಲ್ಲ, ಒಸಿ ಕಳಿಸ್ಕೊಡ್ತೀರಾ?"

ವಾಪಸ್ ಕಳಿಸುವ ಗಡುವು ಮುಗಿದುಹೋಗಿತ್ತು.

ಹೇಳಿಬಿಡು, ಈಗಲೇ ಹೇಳಿಬಿಡು... ಎಂದಿತು ಮನಸ್ಸು. ಬಾಯಿಂದ ಬಂದದ್ದೇ ಬೇರೆ.

"ಮೊದ್ಲು ಕಿವಿ ಪರೀಕ್ಷೆ ಮಾಡಿಸ್ಬೇಕು. ಇಲ್ಲೇ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ನಾನೂ ಬರ್ತೀನಿ."

"ನಿಮಗ್ಯಾಕೆ ಮೇಡಂ ತೊಂದ್ರೆ?"

ಅವಳು ಆಗಲೇ ಆಸ್ಪತ್ರೆಯ ನಂಬರು ಹುಡುಕುತ್ತಿದ್ದಳು.

ಆಸ್ಪತ್ರೆಯಲ್ಲಿ ಕಿವಿ ಪರೀಕ್ಷಿಸುವ ಹಮೀದಾ ತಾಳ್ಮೆಯ ಹೆಂಗಸು. ಮಹೇಂದ್ರನ ಅವ್ವ ಸರಸಮ್ಮನ ಎರಡು ಕಿವಿಗೂ ಬೇರೆ ಬೇರೆ ಅಳತೆ ಎಂದು ತೋರಿಸಿ, ಅದಕ್ಕೆ ಹೊಂದುವ ಯಂತ್ರವನ್ನು ಮೂರು ಸಲ ಸರಿಪಡಿಸಿ ಕೊಟ್ಟರು. ಪ್ರತಿ ಸಲವೂ ರಾಧಾಮಣಿ ಪಕ್ಕದಲ್ಲಿದ್ದಳು. ಕೊಳ್ಳುವ ಮೊದಲು ಏನೇನು ಕೇಳಬೇಕು ಎಂದು ಹಮೀದಾ ಹೇಳಿದ್ದನ್ನೆಲ್ಲ ಬರೆದುಕೊಂಡಳು.

ವೆಬ್‌ಸೈಟಿನ ಕೆಲಸ ಬಿಟ್ಟಳು. ತನ್ನದೇ ಪುಟ ಶುರುಮಾಡಿ, ಕಣ್ಣಾರೆ ಕಂಡದ್ದನ್ನು ಮಾತ್ರ ಬರೆದಳು. 'ಇನ್ನೂರು ವಿಡಿಯೋ ನೋಡಿ ಸೋತಿದ್ದೆ ಅಕ್ಕ, ನಿಮ್ಮ ನಾಲ್ಕು ಪ್ರಶ್ನೆಯಿಂದ ದಾರಿ ಸಿಕ್ತು' ಎಂದು ಕನಕಪುರದಿಂದ ಯಾರೋ ಬರೆದರು. ಖುಷಿಪಡಬೇಕಾದ ಮಾತು. ಅವಳಿಗೆ ಮುಖ ಮುಚ್ಚಿಕೊಳ್ಳುವಂತಾಯಿತು. ಅನು ಬರೆದ ಪಟ್ಟಿ ಇನ್ನೂ ಆ ವೆಬ್‌ಸೈಟಿನಲ್ಲೇ ಇತ್ತು. ತೆಗೆಯಿರಿ ಎಂದು ಎಷ್ಟು ಸಲ ಕೇಳಿದರೂ ಅವರು ತೆಗೆದಿರಲಿಲ್ಲ.

"ಆ ಅನುಗಿಂತ ನೀವು ಸಾವಿರ ಪಾಲು ಮೇಲು," ಎಂದು ಮಹೇಂದ್ರ ನಗುತ್ತಿದ್ದ. ಮಾರುಕಟ್ಟೆಗೆ ತರಲು ಗೂಡು ಇಲ್ಲದಿದ್ದರೂ ಪ್ರತಿ ವಾರ ಅಂಗಡಿಗೆ ಬರುತ್ತಿದ್ದ. ಅವನು ಬರುವ ದಿನ ಅವಳು ಬಾಗಿಲ ಕಡೆಗೇ ನೋಡುತ್ತಿದ್ದಳು. ಬಂದಾಗ ಕಣ್ಣು ತಗ್ಗಿಸುತ್ತಿದ್ದಳು.

ಆರು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಅವನು ತಡವರಿಸಿದ.

"ಅವ್ವ ಕೇಳು ಅಂದ್ಲು... ನಂಗೂ ಆಸೆ ಐತೆ. ನಮ್ಮನೆಗೆ ಬರ್ತೀರಾ, ಸೊಸೆಯಾಗಿ?"

ಅವಳ ಎದೆ ತುಂಬಿ ಬಂತು. "ಬೇಡ," ಎಂದಳು.

"ಹುಳ ಸಾಕೋನು ಅಂತಲಾ?"

"ಅಲ್ಲ."

"ಕಿವಿ ಕೇಳ್ದಿರೋ ಅತ್ತೆ ಅಂತಲಾ?"

ಅದನ್ನು ಮಾತ್ರ ಅವಳಿಂದ ಸಹಿಸಲಾಗಲಿಲ್ಲ.

"ಆ ಅನು ನಾನೇ. ನಂಗೆ ಅಮ್ಮ ಇಲ್ಲ. ಆ ಮಿಷನ್ ನಾನು ನೋಡೂ ಇರ್ಲಿಲ್ಲ."



"ಆರು ತಿಂಗ್ಳು ನನ್ನೆದುರಿಗೇ ಇದ್ರಿ," ಎಂದಷ್ಟೇ ಹೇಳಿ ಮಹೇಂದ್ರ ಎದ್ದು ಹೋದ.

ಆಮೇಲಿನ ವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ರಾಧಾಮಣಿ ತನ್ನ ಪುಟದಲ್ಲಿ ಹೆಸರು, ಫೋಟೋ ಹಾಕಿ ಎಲ್ಲವನ್ನೂ ಬರೆದಳು. ಯಾವ ಪಟ್ಟಿ, ಯಾವ ಸುಳ್ಳು, ಯಾರನ್ನು ನಂಬಬಾರದು. ಬೈಗುಳ ಸುರಿದವು. 'ತಾಯಿ ಹೆಸರು ಮಾರ್ಕೊಂಡೋಳು' ಎಂದಿದ್ದರು ಒಬ್ಬರು. ಓದಿದಳು. ಅಳಿಸಲಿಲ್ಲ.

ಭಾನುವಾರ ಕುದೂರಿನ ಬಸ್ಸು ಹತ್ತಿದಳು. ಇನ್ನೊಬ್ಬರ ಮುಂದೆ ಹೇಳುವುದು ಬಾಕಿ ಇತ್ತು.

ಸರಸಮ್ಮ ಜಗುಲಿ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ರಾಧಾಮಣಿ ಮೆಟ್ಟಿಲ ಕೆಳಗೇ ನಿಂತಳು.

"ಅಮ್ಮ, ಆ ಮೊದಲ್ನೇ ಮಿಷನ್..."

"ಮಗ ಹೇಳ್ದ ಕಣವ್ವ."

"ನಿಮಗೆ ಕೋಪ ಇಲ್ವಾ?"

"ಐತೆ. ಮದುವೆ ಮನೇಲಿ ಜನ ನಕ್ಕಿದ್ದು ಮರೆಯಕ್ಕಾಯ್ತದಾ?" ಸರಸಮ್ಮ ಕಾಯಿ ಸುಲಿಯುತ್ತಲೇ ಹೇಳಿದರು. "ಒಸಿ ದಿನ ಇರ್ತದೆ ಕೋಪ. ಅದಕ್ಕೇಂತ ಸೊಸೆ ಬ್ಯಾಡ ಅಂದ್ನಾ ನಾನು? ಮೇಲಕ್ಕೆ ಬಾ. ಅವನು ಹುಳದ ಮನೇಲವ್ನೆ."

ಹಿಪ್ಪುನೇರಳೆ ಸೊಪ್ಪು ಹಾಸುತ್ತಿದ್ದ ಮಹೇಂದ್ರ ಅವಳನ್ನು ಕಂಡು ಕೈ ನಿಲ್ಲಿಸಿದ.

"ನೀವು ಬರ್ದಿದ್ದು ಓದ್ದೆ. ಜನ ಬೈದಿದ್ದನ್ನೂ ಓದ್ದೆ."

"ಅವರು ಬೈದಿದ್ದು ಸರಿ."

"ಸರಿನೇ. ಆದ್ರೂ ಪೂರ್ತಿ ಓದಕ್ಕಾಗ್ನಿಲ್ಲ... ನಿಮ್ಮನ್ನ ಯಾರೋ ಅಂಗೆ ಅನ್ನೋದನ್ನ."

ಅವಳ ಕಣ್ಣು ತುಂಬಿತು. ತಗ್ಗಿಸದೆ ಅವನನ್ನೇ ನೋಡಿದಳು.

"ನನ್ನ ಇನ್ನೊಂದ್ಸಲ ನಂಬೋಕಾಗುತ್ತಾ?"

"ಗೊತ್ತಿಲ್ಲ ರಾಧಾ," ಎಂದ ಮೆಲ್ಲಗೆ. ಮೊದಲ ಸಲ ಹೆಸರು ಹಿಡಿದಿದ್ದ. "ದಿನಾ ಜೊತೇಲಿದ್ರೆ ಗೊತ್ತಾಯ್ತದೆ. ಇರ್ತೀಯಾ?"

"ಇರ್ತೀನಿ."