ಡೆಲ್ಫಿನೋನ ತಲೆ ತಾಗುವ ಜಾಗ

ಹಳೆಯ ಮರ್ಕ್ಯುರಿ ಕಾರಿನ ಚಾವಣಿಯಿಂದ ಬಿಚ್ಚಿದ ಒಳಬಟ್ಟೆಯನ್ನು ತೊಟ್ಟಿಯಲ್ಲಿ ಉಜ್ಜುತ್ತಿದ್ದೆ. ಚಾಲಕನ ತಲೆ ತಾಗುವಲ್ಲಿ ಕೂದಲೆಣ್ಣೆಯ ಕಲೆಯಿತ್ತು. ಕಾರಿನ ಒಡೆಯ, ಆರಡಿ ಮೀರಿದ ಡೆಲ್ಫಿನೋ, ಕೊರಿಯಾ ಯುದ್ಧಕ್ಕೆ ಹೋಗುವಾಗ ಕಾರನ್ನು ನಮ್ಮ ಲಾಸ್ ಏಂಜಲೀಸ್ ಗ್ಯಾರೇಜಿನಲ್ಲಿ ಬಿಟ್ಟಿದ್ದ. ಅವನು ಸತ್ತ ಮೇಲೆ, ಕಾರನ್ನು ಹಾಗೇ ಇಟ್ಟಿರಿ ಎಂದು ಅವನ ತಾಯಿ ಬರೆದಿದ್ದಳು; ಅಂಚೆಯವನು ಓದಿ ಹೇಳಿದ್ದ. ನನ್ನ ಗಂಡ ಲೆಂಚೊ ಕೇಳಲಿಲ್ಲ. ಕಾರು ಪ್ರದರ್ಶನಕ್ಕೆಂದು ಚಾವಣಿ ಹೊತ್ತ ಕಂಬಗಳನ್ನು ನಾಲ್ಕಿಂಚು ಕತ್ತರಿಸಿ, ಚಾವಣಿ ತಗ್ಗಿಸಿ ಬೆಸೆದ.

"ಓಫೆಲಿಯಾ, ಬಾರೇ ಇಲ್ಲಿ! ಎಣ್ಣೆ ಕೈ ಒರೆಸೋಕೆ ನಿಂಗೆ ಈ ಕಾರೇ ಬೇಕಿತ್ತಾ?" ಎಂದು ಲೆಂಚೊ ಕೂಗಿದ.

ಚಾವಣಿಯ ಒಳಗಿನ ಬೋಳು ತಗಡಿನ ಮೇಲೂ ಅದೇ ಕಲೆ. ಹೊರಗೆ ಉರಿಬಿಸಿಲು, ತಗಡು ಕೊರೆಯುವಷ್ಟು ತಣ್ಣಗಿತ್ತು. ಒರೆಸಿದೆ. ಊಟ ಮುಗಿಸಿ ಬಂದರೆ ಮತ್ತೆ ಒದ್ದೆ.

"ಸತ್ತವನ ತಲೆಗೆ ಎಷ್ಟು ಜಾಗ ಬೇಕಂತೆ?" ಎಂದು ನಕ್ಕು ಲೆಂಚೊ ಕಾರಿನೊಳಗೆ ಕುಳಿತ. ಕುಳ್ಳ ಅವನು, ತಲೆಯ ಮೇಲೆ ಗೇಣು ಜಾಗವಿತ್ತು. ಆದರೂ ಏನೋ ತಾಗಿದಂತೆ ಕತ್ತು ಬಗ್ಗಿಸಿ ಕೂತ, ಬಗ್ಗಿಸಿಕೊಂಡೇ ಇಳಿದ.

"ಆ ತಾಯಿಗೆ ಬರಿಯೇ," ಎಂದ. "ಕತ್ತರಿಸಿದ್ದು ನಾನೇ ಅಂತ ಬರಿ."

ನಮ್ಮಿಬ್ಬರಿಗೂ ಬರೆಯಲು ಬರುತ್ತಿರಲಿಲ್ಲ. ಇನ್ನೊಬ್ಬರ ಕೈಲಿ ಬರೆಸಲು ನಾಚಿಕೆ. ನಾನು ರಾತ್ರಿ ಶಾಲೆಗೆ ಸೇರಿ ಅಕ್ಷರ ಕಲಿತು, ಅವನು ಹಾಗೆ ಹೇಳಿದ ಹನ್ನೊಂದನೆಯ ವರ್ಷಕ್ಕೆ ಆ ಕಾಗದ ಬರೆದು ಮುಗಿಸಿದೆ. ಲಕೋಟೆಯ ಮೂಲೆಯಲ್ಲಿ ಕೂದಲೆಣ್ಣೆ ಇಳಿದಿತ್ತು. ಬೇರೆ ಲಕೋಟೆ ತಂದೆ. ಅದಕ್ಕೂ ಇಳಿಯಿತು.

ಹಾಗೆಯೇ ಅಂಚೆಗೆ ಹಾಕಿದೆ.