ಲೆನ್ಸ್ ಮುಚ್ಚಿದ ಕರವಸ್ತ್ರ

2025ರ ನವೆಂಬರ್ 22, ಶನಿವಾರ ಬೆಳಿಗ್ಗೆ 9.40ಕ್ಕೆ ಶಿರಾ ಠಾಣೆಗೆ ದೂರು ಬಂತು. ತಂದವರು ಕಾಲೇಜು ಉಪನ್ಯಾಸಕಿ ಫರೀಹಾ. ಕಡಲು ಮತ್ತು ಅದರ ಸಂರಕ್ಷಣೆ ಕುರಿತ ಚಿತ್ರೋತ್ಸವವನ್ನು ನಾಲ್ಕು ವರ್ಷಗಳಿಂದ ಊರಿನಲ್ಲಿ ನಡೆಸುತ್ತಿರುವವರು. ಸಭಾಭವನದ ಪ್ರೊಜೆಕ್ಟರ್ ಕೋಣೆಯಿಂದ ಚಿತ್ರಗಳಿದ್ದ ಹಾರ್ಡ್‌ಡಿಸ್ಕ್ ಕಾಣೆಯಾಗಿತ್ತು.

“ಮದಲೂರು ಕೆರೆ ತುಂಬಿದ್ರೇ ಸಮುದ್ರ ಅನ್ನೋ ಜನ ಕಣಮ್ಮ ನಾವು. ಕಡ್ಲು ಪಿಚ್ಚರ್ ಕದಿಯೋನು ಯಾವನು?” ಎಂದರು ಹೆಡ್‌ಕಾನ್‌ಸ್ಟೆಬಲ್ ಭೀಮರಾಜು.

“ಕಡಲು ನೋಡದೋರಿಗೇ ತೋರಿಸ್ಬೇಕು ಸಾರ್.”

ಎಫ್‌ಐಆರ್ ದಾಖಲಾಯಿತು. 10.30ಕ್ಕೆ ಇನ್‌ಸ್ಪೆಕ್ಟರ್ ರಾಧಾಮಣಿ ಸ್ಥಳ ಪಂಚನಾಮೆ ಶುರು ಮಾಡಿದರು. ಬಾಗಿಲಿಗೆ ಬೀಗವೇ ಇರಲಿಲ್ಲ. ಲ್ಯಾಪ್‌ಟಾಪ್, ಸ್ಪೀಕರ್ ಇದ್ದಲ್ಲೇ ಇದ್ದವು. ಪ್ರೊಜೆಕ್ಟರಿನ ಲೆನ್ಸಿಗೆ ಮಾತ್ರ ಇಸ್ತ್ರಿ ಮಾಡಿದ ಬಿಳಿ ಕರವಸ್ತ್ರ ಮುಚ್ಚಿತ್ತು.

“ನಿಮ್ಮದಾ?” ರಾಧಾಮಣಿ ಫರೀಹಾರನ್ನು ಕೇಳಿದರು.

“ಅಲ್ಲ. ನಾವು ಯಾವತ್ತೂ ಮುಚ್ಚಲ್ಲ.”

“ಕಳ್ಳನಿಗೆ ಧೂಳಿನ ಚಿಂತೆ ನೋಡಿ,” ಎಂದು ಭೀಮರಾಜು ನಕ್ಕರು.

ರಾಧಾಮಣಿ ನಗಲಿಲ್ಲ. “ಶೋ ಮುಗಿದ್ಮೇಲೆ ಲೆನ್ಸ್ ಮುಚ್ಚಿಯೇ ರೂಢಿಯಾದ ಕೈ ಇದು. ಊರಲ್ಲಿ ಹಳೇ ಟಾಕೀಸ್ ಆಪರೇಟರ್ ಯಾರಿದಾರೆ?”

“ಕರೀಮ್ ಸಾಬ್ ಒಬ್ರೇ ಉಳ್ದಿರೋದು. ಕೋಟೆ ಹಿಂದೆ, ಒಂಟಿ ಜೀವ.”

12.15. ಕದ ತೆರೆದೇ ಇತ್ತು. ಗೂಡಿನಲ್ಲಿ ಒಂದು ತಟ್ಟೆ, ಒಂದು ಲೋಟ. ವರ್ಗವಾಗಿ ಬಂದು ಏಳು ತಿಂಗಳಾದರೂ ರಾಧಾಮಣಿಯವರ ಕ್ವಾರ್ಟರ್ಸಿನಲ್ಲೂ ಇದ್ದದ್ದು ಅಷ್ಟೇ. ಹಿತ್ತಲಲ್ಲಿ ಅರವತ್ತು ದಾಟಿದ ಕರೀಮ್ ಸಾಬ್ ಹಾರ್ಡ್‌ಡಿಸ್ಕನ್ನು ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಓಡಲಿಲ್ಲ.

“ಏನು ಹುಡುಕ್ತಿದೀರಿ?”

“ರೀಲ್ ಆಗಿದ್ರೆ ಬೆಳಕಿಗೆ ಹಿಡಿದ್ರೆ ಮುಖ ಕಾಣ್ತಿತ್ತು ಮೇಡಂ. ಇದ್ರಲ್ಲಿ ಏನೂ ಕಾಣ್ತಿಲ್ಲ.”

“ಯಾರ ಮುಖ?”

“ಅಯಾಜ್. ನಾನೇ ಸಾಕಿದ ತಮ್ಮ. ಮಲ್ಪೆ ಬೋಟಿಗೆ ಕೆಲ್ಸಕ್ಕೆ ಹೋದ. ಮೂರು ವರ್ಷ ಆತು, ಬೋಟ್ ಬರ್ಲಿಲ್ಲ. ನಿನ್ನೆ ಪಿಚ್ಚರಲ್ಲಿ ಬಲೆ ಎಳೀತಾ ನಕ್ಕ.”

“ಮನೇಲಿ ಫೋಟೋ ಇಲ್ವಾ?”

“ಇದ್ದದ್ದು ಒಂದೇ. ಕಾಣೆಯಾದ ದೂರಿಗೆ ನಿಮ್ಮೋರೇ ಇಸ್ಕೊಂಡ್ರು. ವಾಪಸ್ ಕೊಡ್ಲಿಲ್ಲ.”

ಭೀಮರಾಜು ನೆಲ ನೋಡಿದರು.

“ಇನ್ನೊಂದ್ಸಲ ತೋರಿಸಿ ಅಂತ ಕೇಳ್ಬೇಕಿತ್ತು,” ಎಂದರು ರಾಧಾಮಣಿ.

“ಕೇಳ್ದೆ. ನಾಳೆ ಬೇರೆ ಪಿಚ್ಚರ್, ಇದು ಮತ್ತೆ ಬರಲ್ಲ ಅಂದ್ರು.”

1.05ಕ್ಕೆ ಬಂಧನದ ಮೆಮೊಗೆ ಕರೀಮ್ ಸಾಬ್ ಸಹಿ ಹಾಕಿದರು. ಬಂಧನದ ಸುದ್ದಿ ಯಾರಿಗೆ ತಿಳಿಸಬೇಕೆಂಬ ಕಾಲಂ ಖಾಲಿ ಉಳಿಯಿತು.

ಠಾಣೆಯಲ್ಲಿ, ಸೀಲ್ ಮಾಡುವ ಮೊದಲು ದೂರುದಾರರು ಮಾಲನ್ನು ಗುರುತಿಸಬೇಕಿತ್ತು. “ಹಾಕಿ ನೋಡಿ. ನಿನ್ನೆಯದೇ ಇರಲಿ,” ಎಂದ ರಾಧಾಮಣಿ, ಕರೀಮ್ ಸಾಬರ ಕುರ್ಚಿಯನ್ನು ಲ್ಯಾಪ್‌ಟಾಪಿನ ಎದುರಿಗೆ ಎಳೆದರು. ಫರೀಹಾ ಚಿತ್ರ ಹಾಕಿದರು. ನೀಲಿ ನೀರು, ಬಲೆ, ಒಬ್ಬನ ನಗು. ಹನ್ನೊಂದು ಸೆಕೆಂಡು.

ಪರದೆ ಕಪ್ಪಾಯಿತು. ಕರೀಮ್ ಸಾಬರ ಕೈ ತಾನಾಗಿ ಜೇಬಿಗೆ ಹೋಗಿ ಕರವಸ್ತ್ರಕ್ಕಾಗಿ ತಡಕಾಡಿತು. ಅದು ಮೇಜಿನ ಮೇಲೆ, ಅರಗಿನ ಮುದ್ರೆ ಬಿದ್ದ ಲಕೋಟೆಯೊಳಗಿತ್ತು.